ಹಿಂದೆ ಸುರಿದ ನೀರು

ಇಸ್ತಾಂಬುಲ್ ಈಗ ನನ್ನಲ್ಲಿ ಉಳಿದಿರುವುದು ಹೆಚ್ಚಾಗಿ ಬಲಗೈಯ ಎರಡು ಬೆರಳುಗಳ ತುದಿಯಲ್ಲಿ. ಅಲ್ಲಿಯ ಚಹಾದ ಲೋಟಕ್ಕೆ ಹಿಡಿಯಿಲ್ಲ. ನಡು ಸಣ್ಣಗಾಗಿ ಬಾಯಿ ಮತ್ತೆ ಅರಳಿಕೊಂಡ, ಮುಷ್ಟಿಯೊಳಗೆ ಅಡಗಿಹೋಗುವಷ್ಟು ಪುಟ್ಟ ಗಾಜಿನ ಲೋಟ ಅದು. ಹೊಟ್ಟೆ ಹಿಡಿದರೆ ಚುರ್ರೆಂದು ಸುಡುತ್ತದೆ, ಹಾಗಾಗಿ ಮೇಲಿನ ಅಂಚನ್ನಷ್ಟೇ ಹೆಬ್ಬೆರಳು ತೋರುಬೆರಳಿನ ನಡುವೆ, ದಾಸವಾಳದ ಎಸಳು ಮುಟ್ಟುವಷ್ಟು ಮೆತ್ತಗೆ ಹಿಡಿದೆತ್ತಬೇಕು. ಈಗಲೂ ಮಳೆಗಾಲದ ಸಂಜೆ ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಕಷಾಯದ ಲೋಟ ತಂದಿಟ್ಟಾಗ, ಬಿಸಿಗೆ ಅಂಜಿ ಅದರ ಕಂಠಕ್ಕೆ ಎರಡೇ ಬೆರಳು ಹಚ್ಚುತ್ತೇನೆ. ಅಷ್ಟಕ್ಕೇ ಎದುರಿನ ಅಡಿಕೆ ತೋಟ, ಕೊಟ್ಟೆ ಕಟ್ಟಿದ ಕೊನೆಗಳು, ಹಂಚಿನಂಚಿನಿಂದ ಇಳಿಯುವ ನೀರಿನ ಎಳೆಗಳು ಎಲ್ಲ ಒಂದು ಕ್ಷಣ ಹಿಂದೆ ಸರಿದು, ಜೀರಿಗೆ ಕೊತ್ತಂಬರಿಯ ಹಬೆಯ ಆಚೆ ಬೂದುಬಣ್ಣದ ಅಗಲವಾದ ನೀರು, ಉಪ್ಪುಗಾಳಿ, ಹಡಗಿನ ಕಟಕಟೆಯ ಮೇಲೆ ಕೂತ ಕಡಲಹಕ್ಕಿಯ ಹಳದಿ ಕೊಕ್ಕು ಕಾಣುತ್ತವೆ. ನೋಡಲೆಂದೇ ಹೋಗಿ ನೋಡಿದ್ದು ಯಾವುದೂ ಹೀಗೆ ಕರೆಯದೆ ಬರುವುದಿಲ್ಲ.

ಹೋದದ್ದು 2019ರ ಅಕ್ಟೋಬರಿನಲ್ಲಿ, ಕೆಲಸದ ಮೇಲೆ. ಮೂರು ದಿನ ಕಿಟಕಿಯಿಲ್ಲದ ಸಭಾಂಗಣದಲ್ಲಿ ಕಳೆದವು, ಅವುಗಳ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಆಮೇಲೆ ರಜೆ ಹಾಕಿ ಉಳಿಸಿಕೊಂಡ ಆರು ದಿನಗಳಿದ್ದವು. ಎಲ್ಲರೂ ನೋಡುವುದನ್ನು ನಾನೂ ನೋಡಿದೆ. ಹಗಿಯಾ ಸೋಫಿಯಾದ ಗುಮ್ಮಟದ ಕೆಳಗೆ ಕತ್ತು ನೋಯುವಷ್ಟು ಹೊತ್ತು ನಿಂತೆ. 532ರಲ್ಲಿ ಶುರುವಾಗಿ 537ರಲ್ಲಿ, ಆರು ವರ್ಷ ತುಂಬುವ ಮೊದಲೇ, ಎದ್ದು ನಿಂತ ಕಟ್ಟಡ ಅದು. ಗುಮ್ಮಟದ ಬುಡದ ಸುತ್ತ ನಲವತ್ತು ಕಿಟಕಿಗಳು. ಅವುಗಳಿಂದ ಬೆಳಕು ಒಳಗೆ ನುಗ್ಗಿದಾಗ 55 ಮೀಟರ್ ಮೇಲಿನ ಆ ಭಾರವೆಲ್ಲ ಯಾವುದಕ್ಕೂ ಆತುಕೊಳ್ಳದೆ ತೇಲುತ್ತಿದೆ ಅನ್ನಿಸುತ್ತದೆ. ಹಾಗೆ ಅನ್ನಿಸುತ್ತದೆ ಎಂದು ಮೊದಲೇ ಓದಿದ್ದೆ, ನನಗೂ ಅನ್ನಿಸಿತು, ಓದಿದ್ದರಿಂದ ಅನ್ನಿಸಿತೋ ನಿಜಕ್ಕೂ ಅನ್ನಿಸಿತೋ ಇವತ್ತಿಗೂ ತಿಳಿಯದು. ನೆನಪಿನಲ್ಲಿ ಗಟ್ಟಿಯಾಗಿ ಕೂತಿರುವುದು ಒಂದು ಬೆಕ್ಕು. ಗ್ಲಿ ಎಂದು ಅದರ ಹೆಸರು, ಹಸಿರು ಮೆಳ್ಳೆಗಣ್ಣು, ಆ ಮಹಾಮಂದಿರದಲ್ಲೇ ಬೆಳೆದದ್ದು. ದೀಪದ ಬಿಸಿ ಬೀಳುವ ಒಂದು ಜಾಗ ಹುಡುಕಿಕೊಂಡು, ಸಾವಿರದೈನೂರು ವರ್ಷಗಳ ಅಮೃತಶಿಲೆಯ ಮೇಲೆ ಮುಂಗಾಲು ಮಡಚಿ, ನಮ್ಮ ಬಚ್ಚಲೊಲೆಯ ಪಕ್ಕದ ಬೆಕ್ಕು ಕೂರುವ ಹಾಗೇ ಕೂತಿತ್ತು. ಮರುವರ್ಷ ನವೆಂಬರಿನಲ್ಲಿ ಅದು ಸತ್ತಿತೆಂಬ ಸುದ್ದಿ ಓದಿದಾಗ, ಸಾಮ್ರಾಜ್ಯಗಳು ಕಳೆದದ್ದಕ್ಕೆ ಆಗದಿದ್ದ ಬೇಜಾರು ಆಯಿತು.

ಮೇಲಿನ ಉಪ್ಪರಿಗೆಯ ಕಲ್ಲುಕಟ್ಟೆಯ ಮೇಲೆ ಯಾರೋ ಗೀಚಿದ ಗೆರೆಗಳಿವೆ. ಉತ್ತರದ ಹಿಮದ ನಾಡಿನಿಂದ ಕೂಲಿಗೆ ಬಂದಿದ್ದ ಕಾವಲುಭಟನೊಬ್ಬ ಸುಮಾರು ಸಾವಿರ ವರ್ಷಗಳ ಹಿಂದೆ ತನ್ನ ಲಿಪಿಯಲ್ಲಿ ಕೊರೆದದ್ದು; ಹಾಲ್ವ್‌ದಾನ್ ಎಂಬ ಹೆಸರೊಂದು ಬಿಟ್ಟರೆ ಉಳಿದದ್ದು ಸವೆದುಹೋಗಿದೆ. ಕೆಳಗೆ ಪೂಜೆ ಉದ್ದಕ್ಕೆ ನಡೆದಿರಬೇಕು, ಧೂಪದ ಹೊಗೆ ಮೇಲೇರಿ ಕಣ್ಣು ತೂಗಿರಬೇಕು, ಸೊಂಟದ ಚಾಕು ಕೈಗೆ ತಾನಾಗಿ ಬಂದಿರಬೇಕು. ಚಕ್ರವರ್ತಿಗಳ ಚಿನ್ನದ ಚಿತ್ರಗಳ ಮುಂದೆ ಅರೆಕ್ಷಣ ನಿಂತ ನಾನು ಆ ಆಕಳಿಕೆಯ ಮುಂದೆ ಬಹಳ ಹೊತ್ತು ನಿಂತೆ.

ಉಳಿದುಕೊಂಡಿದ್ದು ಏಷ್ಯಾದ ಬದಿಯ ಉಸ್ಕುದಾರಿನಲ್ಲಿ, ನೀರಿನಿಂದ ಮೇಲಕ್ಕೆ ಏರುವ ಇಕ್ಕಟ್ಟಾದ ಓಣಿಯ ಹಳೆಯ ಮನೆಯೊಂದರ ಮಹಡಿಯಲ್ಲಿ. ಹಾಗಾಗಿ ದಿನಕ್ಕೆರಡು ಸಲ, ಬೆಳಿಗ್ಗೆ ಯುರೋಪಿಗೆ, ಸಂಜೆ ಏಷ್ಯಾಕ್ಕೆ, ಬಾಸ್ಫರಸ್ ಜಲಸಂಧಿಯನ್ನು ದೋಣಿಯಲ್ಲಿ ದಾಟಬೇಕು. ವಾಪುರ್ ಎನ್ನುತ್ತಾರೆ ಆ ದೋಣಿಗೆ. 1851ರಲ್ಲಿ ಉಗಿದೋಣಿ ಓಡಿಸಲೆಂದು ಒಂದು ಕಂಪನಿ ಹುಟ್ಟಿಕೊಂಡ ಕಾಲದಿಂದ ಆ ಊರಿನ ಜನ ಹೀಗೆ ಬಸ್ಸು ಹತ್ತುವಷ್ಟೇ ಸಲೀಸಾಗಿ ಖಂಡದಿಂದ ಖಂಡಕ್ಕೆ ಹೋಗಿಬರುತ್ತಿದ್ದಾರೆ. 1973ರಲ್ಲಿ ಮೊದಲ ಸೇತುವೆ ಬಂದ ಮೇಲೂ, ನೀರಿನಡಿಯಲ್ಲಿ ರೈಲು ಬಂದ ಮೇಲೂ ವಾಪುರ್ ಬಿಟ್ಟಿಲ್ಲ. ಯುರೋಪಿನ ಬದಿಯ ಎಮಿನೋನುವಿನಿಂದ ಉಸ್ಕುದಾರಿಗೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಚಹಾದವನು ತಟ್ಟೆಯ ತುಂಬ ಲೋಟಗಳನ್ನು ಹೊತ್ತು, ದೋಣಿ ಎತ್ತ ವಾಲಿದರೂ ತಾನು ಅದರ ವಿರುದ್ಧ ವಾಲುತ್ತ, ಒಂದು ಹನಿ ಚೆಲ್ಲದೆ ಬೆಂಚುಗಳ ನಡುವೆ ಹಾಯ್ದು ಬರುತ್ತಾನೆ. ಹಾಲಿಲ್ಲದ ಕೆಂಪು ಚಹಾ, ಪಕ್ಕದಲ್ಲಿ ಎರಡು ಸಕ್ಕರೆ ಅಚ್ಚು. ಹದವಾಗಿ ಕುದಿದು ಇಳಿದ ಚಹಾದ ಬಣ್ಣಕ್ಕೆ ಅವರು ಮೊಲದ ರಕ್ತ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಹಾಗೆಂದರೆ ಯಾರೂ ಲೋಟ ಮುಟ್ಟಲಾರರು, ಆದರೆ ಇಳಿಬಿಸಿಲನ್ನು ಲೋಟದ ಆಚೆ ಹಿಡಿದು ನೋಡಿದಾಗ ಆ ಕೆಂಪಿಗೆ ಬೇರೆ ಹೆಸರು ನನಗೂ ಹೊಳೆಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಹಿಡಿದ ಮಗು, ಕೋಡುಬಳೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದಂಥ ಆ ಸಿಮಿತ್ತನ್ನು ಚೂರು ಚೂರಾಗಿ ಮುರಿದು ಗಾಳಿಗೆ ಎಸೆಯುತ್ತಿತ್ತು; ದೋಣಿಯ ಜೊತೆಜೊತೆಗೇ ಹಾರುವ ಕಡಲಹಕ್ಕಿಗಳು ರೆಕ್ಕೆ ಬಡಿಯದೆ ಗಾಳಿಯಲ್ಲೇ ನಿಂತು, ಕತ್ತು ತಿರುಗಿಸಿ, ಚೂರನ್ನು ನಡುವಿನಲ್ಲೇ ಕಚ್ಚಿಕೊಳ್ಳುತ್ತಿದ್ದವು. ಅವುಗಳ ಕೆಳಗೆ, ನೀರಿಗೆ ಇನ್ನೇನು ಎದೆ ತಾಗಿತು ಎಂಬಷ್ಟು ತಗ್ಗಿನಲ್ಲಿ, ಕಪ್ಪು ಬೆನ್ನಿನ ಬೇರೊಂದು ಹಕ್ಕಿಯ ಹಿಂಡು ಸದ್ದಿಲ್ಲದೆ ಸಾಗುತ್ತದೆ. ಅವು ಕೂತದ್ದನ್ನು ಕಂಡವರಿಲ್ಲವೆಂದು, ಶಾಂತಿ ಸಿಗದ ಆತ್ಮಗಳೇ ಅವು ಎಂದು ಹಳಬರು ನಂಬಿದ್ದರು. ಯೆಲ್ಕೊವಾನ್ ಎಂದು ಅದರ ಹೆಸರು. ಗಡಿಯಾರದ ನಿಮಿಷದ ಮುಳ್ಳಿಗೂ ತುರ್ಕಿಯಲ್ಲಿ ಅದೇ ಮಾತು. ಇದು ತಿಳಿದ ಮೇಲೆ ಒಂದು ಸಂಜೆ ಚಹಾ ಆರುವುದನ್ನೂ ಮರೆತು ಅವುಗಳನ್ನೇ ನೋಡುತ್ತ ಕೂತಿದ್ದೆ: ನಿಮಿಷಗಳು ಹಿಂಡುಹಿಂಡಾಗಿ ನೀರಿನ ಮೇಲೆ ಹಾದುಹೋಗುತ್ತಿದ್ದವು, ಒಂದೂ ಕೂರಲಿಲ್ಲ.

ದೋಣಿಯ ಮೇಲೆ ಹೀಗೆ ಕೂರುವುದು ನನಗೆ ಹೊಸದಲ್ಲ. ಶರಾವತಿಯ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚು ಕಾಯುತ್ತ, ಕಿತ್ತಳೆ ಪೆಪ್ಪರಮಿಂಟು ಚೀಪುತ್ತ ಕಳೆದ ಬಾಲ್ಯ ನನ್ನದು. ಬಸ್ಸನ್ನೇ ಹೊತ್ತು ತೇಲುವ ಆ ಲಾಂಚಿನ ತಗಡಿನ ನಡುಕ ಅಂಗಾಲಿನಿಂದ ಹಲ್ಲಿನವರೆಗೆ ಏರುತ್ತಿತ್ತು. ಸಿಗಂದೂರು ಚೌಡೇಶ್ವರಿಗೆ ಹೊರಟವರು ನೀರಿಗೆ ಕೈಮುಗಿಯುತ್ತಿದ್ದರು, ತುಮರಿ ಕಡೆಯ ನೆಂಟರು ಕಟಕಟೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು, ನಾವು ಮಕ್ಕಳು ಮೇಲೆದ್ದ ನೊರೆ ನೋಡಲು ಬಗ್ಗಿ ಬೈಸಿಕೊಳ್ಳುತ್ತಿದ್ದೆವು. ಅಮ್ಮ ಮಾತ್ರ ಅಷ್ಟು ಹೊತ್ತೂ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ತಲೆ ತಿರುಗುತ್ತದೆ ಎನ್ನುತ್ತಿದ್ದಳು, ನಾವು ನಂಬಿದ್ದೆವು. 2025ರ ಜುಲೈಯಲ್ಲಿ ಅಲ್ಲಿಯೂ ಸೇತುವೆ ತೆರೆಯಿತು, ಈಗ ಆಚೆ ದಡಕ್ಕೆ ಕಾರಿನಲ್ಲಿ ಹೋಗಿ ಬರುತ್ತಾರೆ. ಒಳ್ಳೆಯದೇ ಆಯಿತು, ರಾತ್ರಿ ಹೆರಿಗೆ ನೋವು ಬಂದವಳನ್ನು ದಾಟಿಸಲಾಗದೆ ಒದ್ದಾಡಿದವರಿಗೆ ಲಾಂಚಿನ ಸೊಗಸು ಹೇಳಲು ಹೋಗಬಾರದು. ಆದರೂ ಬಾಸ್ಫರಸ್ಸಿನ ಮೇಲೆ, ದೋಣಿ ದಡ ಸೇರುವ ಹೊತ್ತಿಗೆ, ಹೊರಗೆ ಜಿಗಿದು ದಪ್ಪ ಹಗ್ಗವನ್ನು ಕಂಬಕ್ಕೆ ಸುತ್ತುವವನ ಮೊಣಕೈ ತಿರುವಿನಲ್ಲಿ ಹೊಳೆಬಾಗಿಲಿನ ಹಗ್ಗದವನನ್ನೇ ಕಂಡೆ, ಒಂದು ಕ್ಷಣ ಅವನು ನನ್ನನ್ನು ಗುರುತು ಹಿಡಿದಾನು ಎಂದೇ ಕಾದೆ.

ಬಾಸ್ಫರಸ್ಸಿನ ನೀರಿನ ಒಂದು ಗುಟ್ಟು ಇಲ್ಲಿ ಹೇಳಬೇಕು. ಕಪ್ಪುಸಮುದ್ರಕ್ಕೆ ಡ್ಯಾನ್ಯೂಬಿನಂಥ ದೊಡ್ಡ ನದಿಗಳು ಬಂದು ಬೀಳುವುದರಿಂದ ಅದರ ನೀರಿನಲ್ಲಿ ಉಪ್ಪು ಕಡಿಮೆ, ಮಟ್ಟ ತುಸು ಎತ್ತರ. ಹಾಗಾಗಿ ಬಾಸ್ಫರಸ್ಸಿನ ಮೇಲ್ನೀರು ಉತ್ತರದಿಂದ ದಕ್ಷಿಣಕ್ಕೆ, ಮರ್ಮರಾ ಸಮುದ್ರದ ಕಡೆಗೆ ಹರಿಯುತ್ತದೆ. ಆದರೆ ತಳದಲ್ಲಿ, ಉಪ್ಪಿನಿಂದ ಭಾರವಾದ ಮರ್ಮರಾದ ನೀರು ಅದೇ ಹೊತ್ತಿಗೆ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತಿರುತ್ತದೆ. 1679ರಲ್ಲಿ ಅಲ್ಲಿಗೆ ಬಂದ ಮಾರ್ಸಿಲಿ ಎಂಬ ಇಟಲಿಯ ತರುಣ ಬೆಸ್ತರ ಬಾಯಿಂದ ಇದನ್ನು ಕೇಳಿ, ಬಿಳಿ ಬಣ್ಣ ಬಳಿದ ಬೆಂಡಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಮೇಲಿನ ಬೆಂಡುಗಳು ಒಂದು ಕಡೆಗೆ ವಾಲಿದವು, ಆಳದವು ಅದರ ಎದುರಿಗೆ. ನೀಲಿ ನೀರಿನೊಳಗೆ ಮಸುಕಾಗುತ್ತ ಇಳಿದ ಆ ಬಿಳಿ ಚುಕ್ಕೆಗಳನ್ನು, ದೋಣಿಯ ಅಂಚಿಗೆ ಬಗ್ಗಿ ಉಸಿರು ಬಿಗಿಹಿಡಿದ ಇಪ್ಪತ್ತರ ಆ ಹುಡುಗನನ್ನು ನಾನು ಎಷ್ಟೋ ರಾತ್ರಿ ಕಲ್ಪಿಸಿಕೊಂಡಿದ್ದೇನೆ. ವರ್ಷಗಳು ಮುಂದೆ ಮುಂದೆ ಹೋಗುತ್ತಿರುವಾಗ ನನ್ನೊಳಗೂ ಏನೋ ಒಂದು, ತಣ್ಣಗೆ, ಉಪ್ಪಾಗಿ, ಉಸ್ಕುದಾರಿನ ಕಡೆಗೆ ತಿರುಗಿ ಹರಿಯುತ್ತಿರುವುದು ಆಗ ಗೊತ್ತಾಗುತ್ತದೆ.

ಮನೆಯೊಡತಿ ಎಪ್ಪತ್ತು ದಾಟಿದ ಹೆಂಗಸು, ತಲೆಗೆ ಹೂವಿನ ಚಿತ್ತಾರದ ಬಟ್ಟೆ, ಮಂಡಿನೋವು. ಅವಳಿಗೆ ತುರ್ಕಿ ಬಿಟ್ಟು ಬೇರೆ ಬಾರದು, ನನಗೆ ತುರ್ಕಿ ಒಂದಕ್ಷರ ಬಾರದು. ಮೊದಲ ಸಂಜೆ ಬಚ್ಚಲಲ್ಲಿ ಸೋಪು ಇರಲಿಲ್ಲ. ಕೈ ಉಜ್ಜಿ ತೋರಿಸಿದೆ, ಟವೆಲ್ ತಂದಳು; ಮುಖ ಉಜ್ಜಿ ತೋರಿಸಿದೆ, ಕೆನೆಯ ಡಬ್ಬಿ ತಂದಳು. ಸೋತು, ನನ್ನಷ್ಟಕ್ಕೆ ಕನ್ನಡದಲ್ಲಿ, ‘ಅಯ್ಯೋ, ಸಾಬೂನು ಮಾರಾಯ್ತಿ’ ಎಂದೆ. ಅವಳ ಮುಖ ದೀಪ ಹಚ್ಚಿದಂತಾಯಿತು. ‘ಸಾಬುನ್!’ ಎಂದು ಕೂಗಿ ಒಳಗೋಡಿದಳು, ಮಂಡಿನೋವು ಮರೆತು. ಅಲ್ಲಿಂದ ಶುರುವಾದ ಆಟ ಆರು ದಿನ ನಡೆಯಿತು. ಅವಳು ಕಿಟಕಿಯ ಬಟ್ಟೆ ಹಿಡಿದು ‘ಪೆರ್ದೆ’ ಎಂದರೆ ನಾನು ‘ಪರದೆ’. ಎಣ್ಣೆಯ ಬಾಟಲಿ ತೋರಿಸಿ ‘ಶಿಶೆ’ ಎಂದರೆ ನಾನು ‘ಸೀಸೆ’. ‘ಬಾದೆಮ್’ಗೆ ‘ಬಾದಾಮಿ’, ‘ಮೆಯ್ದಾನ್’ಗೆ ‘ಮೈದಾನ’. ಆರಬ್ಬಿಯಿಂದಲೋ ಪಾರಸಿಯಿಂದಲೋ ಹೊರಟು ಒಂದು ಕವಲು ಅವಳ ಅಡುಗೆಮನೆಗೆ, ಇನ್ನೊಂದು ಬಿಜಾಪುರದ ದಾರಿಯಲ್ಲೋ ಶ್ರೀರಂಗಪಟ್ಟಣದ ದಾರಿಯಲ್ಲೋ ನಮ್ಮ ಮನೆಗೆ ಬಂದಿಳಿದಿದ್ದ ಪದಗಳು, ಎಷ್ಟೋ ನೂರು ವರ್ಷಗಳ ಮೇಲೆ ಒಂದು ಮೇಜಿನ ಮೇಲೆ ಕೂಡಿ, ತವರಿನಲ್ಲಿ ಭೇಟಿಯಾದ ಅಕ್ಕತಂಗಿಯರ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡವು. ನಾವಿಬ್ಬರೂ ಸುಮ್ಮನೆ ನಗುತ್ತಿದ್ದೆವು. ಅವಳು ನನ್ನನ್ನು ‘ಕಿಝಿಮ್’ ಎನ್ನುತ್ತಿದ್ದಳು. ಮಗಳೇ ಎಂದು ಅದರ ಅರ್ಥ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಸಾಲೆ ಪೇಟೆಯಲ್ಲಿ ಒಂದು ಮಧ್ಯಾಹ್ನ, ಜೀರಿಗೆ ಒಣಪುದೀನಗಳ ಘಮದ ನಡುವೆ, ಬಿಳಿಯ ಪುಡಿ ತುಂಬಿದ ಗಾಜಿನ ಭರಣಿಯ ಮುಂದೆ ನಿಂತೆ. ಕೊಬ್ಬರಿ ತುರಿ. ಅಂಗಡಿಯವನು ಅದರ ಹೆಸರು ಹೇಳಿದ: ಹಿಂದಿಸ್ತಾನ್ ಜೆವಿಝಿ. ಜೆವಿಝ್ ಎಂದರೆ ಅಕ್ರೋಟು. ನಮ್ಮ ತೆಂಗಿನಕಾಯಿಯನ್ನು ಅವರು ಹಿಂದೂಸ್ತಾನದ ಅಕ್ರೋಟು ಎಂದು ಕರೆದುಬಿಟ್ಟಿದ್ದಾರೆ! ಹುಣಸೆಗೆ ದೆಮಿರ್‌ಹಿಂದಿ, ಆರಬ್ಬರು ಭಾರತದ ಖರ್ಜೂರ ಎಂದು ಕರೆದದ್ದು ತುರ್ಕಿಯ ನಾಲಿಗೆಗೆ ಹೊರಳಿ ಹಾಗಾಗಿದೆ, ಅದರ ಷರಬತ್ತು ಕೂಡ ಮಾರುತ್ತಾರೆ. ಕುಡಿದೆ. ಹುಣಸೆ, ಸಿಹಿ, ಲವಂಗದ ನೆರಳು. ಹೊರಗೆ ತಳ್ಳುಗಾಡಿಯವನು ಕೆಂಡದ ಮೇಲೆ ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದ. ಸಿಪ್ಪೆ ಬಿಚ್ಚಿ ಬಾಯಿಗಿಟ್ಟರೆ, ಆಶ್ಚರ್ಯವೆಂದರೆ, ಒಲೆಯ ಬೂದಿಯಲ್ಲಿ ಸುಟ್ಟ ಹಲಸಿನ ಬೇಳೆ. ಅಷ್ಟು ದೂರ ಹಾರಿ ಹೋಗಿ, ಹಲಸಿನ ಬೇಳೆ ತಿಂದು, ಕಣ್ಣು ಒದ್ದೆ ಮಾಡಿಕೊಂಡು ಗುಂಪಿನ ನಡುವೆ ನಿಂತಿದ್ದೆನಲ್ಲ ಎಂದು ಈಗ ನಗು ಬರುತ್ತದೆ.

ಹಕ್ಕಿಮನೆಗಳನ್ನು ತೋರಿಸಿದವಳೂ ಆ ಮನೆಯೊಡತಿಯೇ. ದೋಣಿಕಟ್ಟೆಯ ಬಳಿ ನೀರಿಗೆ ಅಂಟಿಕೊಂಡೇ ಒಂದು ಪುಟ್ಟ ಮಸೀದಿಯಿದೆ, 1580ರ ಸುಮಾರಿಗೆ ಮಹಾಶಿಲ್ಪಿ ಸಿನಾನ್ ಕಟ್ಟಿದ್ದು. ಅಲೆ, ಗಾಳಿ ಎರಡೂ ತಾಗುವ ಮೂಲೆಯಾದ್ದರಿಂದ ಅದರ ಗುಮ್ಮಟದ ಮೇಲೆ ಹಕ್ಕಿ ಕೂರುವುದಿಲ್ಲವಂತೆ. ಜನ ಅದನ್ನು ಹಕ್ಕಿ ಕೂರದ ಮಸೀದಿ ಎಂದೇ ಕರೆಯುತ್ತಾರೆ. ಅಲ್ಲಿಂದ ಸ್ವಲ್ಪವೇ ದೂರದ ಯೆನಿ ವಾಲಿದೆ ಮಸೀದಿಯ ಗೋಡೆಯಲ್ಲಿ, ಇನ್ನೂ ಮೇಲೆ ಗುಡ್ಡದ ಮೇಲಿನ ಅಯಾಝ್ಮಾ ಮಸೀದಿಯ ಗೋಡೆಯಲ್ಲಿ, ಗುಬ್ಬಿಗಳಿಗೆಂದೇ ಕಲ್ಲಿನಲ್ಲಿ ಕೆತ್ತಿದ ಅರಮನೆಗಳು. ಉತ್ಪ್ರೇಕ್ಷೆಯಲ್ಲ; ಕಮಾನು ಕಿಟಕಿ, ಚಾಚಿದ ಉಪ್ಪರಿಗೆ, ಬೆರಳಗಲದ ಗುಮ್ಮಟ, ಕಡ್ಡಿಯಷ್ಟು ಮಿನಾರು. ಮನುಷ್ಯರ ಕೈಗೂ ಬೆಕ್ಕಿನ ಪಂಜಕ್ಕೂ ಎಟುಕದ ಎತ್ತರದಲ್ಲಿ, ಮಳೆಗಾಳಿ ಹೆಚ್ಚು ಬಡಿಯದ ಗೋಡೆ ನೋಡಿ ಇಟ್ಟಿದ್ದಾರೆ. ಅಯಾಝ್ಮಾ ಕಟ್ಟಿ ಮುಗಿದದ್ದು 1761ರಲ್ಲಿ. ಅಜ್ಜಿ ನನ್ನ ತೋಳು ಹಿಡಿದು ಗೋಡೆಯ ಕೆಳಗೆ ನಿಲ್ಲಿಸಿ ಬೆರಳೆತ್ತಿದಳು. ಮೊದಲು ಏನೂ ಕಾಣಲಿಲ್ಲ. ಆಮೇಲೆ, ಒಣಹುಲ್ಲಿನ ಒಂದೇ ಎಳೆ ಕಚ್ಚಿಕೊಂಡ ಗುಬ್ಬಿಯೊಂದು ಆ ಕಲ್ಲಿನ ಅರಮನೆಯ ಬಾಗಿಲಿಗೆ ಬಂದು ನಿಂತು, ಎಳೆ ಅಡ್ಡವಾಗಿದ್ದುದರಿಂದ ಒಳಗೆ ಹೋಗಲಾಗದೆ, ಹಿಂದೆ ಸರಿದು, ತಲೆ ಓರೆ ಮಾಡಿ, ಇನ್ನೊಮ್ಮೆ ನುಗ್ಗಿ ನೋಡಿ, ಕೊನೆಗೆ ಎಳೆಯ ತುದಿ ಹಿಡಿದು ಉದ್ದಕ್ಕೆ ಎಳೆದುಕೊಂಡು ಒಳಗೆ ಹೋಯಿತು. ಅಷ್ಟೇ. ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಉಳಿ ಹಿಡಿದು ಆ ಬಾಗಿಲು ಕೆತ್ತಿದವನು, ಗುಬ್ಬಿಯ ಮೈಯಗಲ ಎಷ್ಟೆಂದು ಬೆರಳಲ್ಲಿ ಅಳೆದವನು, ಆ ಹೊತ್ತಿನಲ್ಲಿ ನಮ್ಮಿಬ್ಬರ ಪಕ್ಕದಲ್ಲೇ ಬಿಗಿಯಾದ ಉಸಿರಿನಲ್ಲಿ ನಿಂತಿದ್ದನೆಂದು ನನಗೆ ಅನ್ನಿಸಿತು. ಅಜ್ಜಿಯ ಕೈ ನನ್ನ ತೋಳಿನ ಮೇಲೆ ಇನ್ನೂ ಇತ್ತು. ದೂರದಲ್ಲಿ ಒಂದು ಮಸೀದಿಯಲ್ಲಿ ಎದ್ದ ಬಾಂಗು ಇನ್ನೊಂದಕ್ಕೆ ತಾಗಿ, ಅದು ಆಚೆ ದಡಕ್ಕೆ ದಾಟಿ, ನೀರಿನಿಂದ ತಡವಾಗಿ ಮರಳಿ ಬಂತು.

ಮರಳುವ ದಾರಿ ಸ್ಮಶಾನದ ಪಕ್ಕದಿಂದ. ಸೂಚೀಪರ್ಣದ ಕಪ್ಪು ಮರಗಳ ಕೆಳಗಿನ ಹಳೆಯ ಗೋರಿಕಲ್ಲುಗಳಲ್ಲಿ ಅಲ್ಲಲ್ಲಿ ಬಟ್ಟಲಿನಷ್ಟು ಹಳ್ಳ ಕೊರೆದಿದ್ದರು, ಮಳೆನೀರು ನಿಂತು ಹಕ್ಕಿಗಳು ಕುಡಿಯಲೆಂದು. ನಾವು ಪಿಂಡ ಇಟ್ಟು ಕಾಗೆಯ ದಾರಿ ಕಾಯುವುದು ನೆನಪಾಯಿತು. ದಾರಿ ರಿಪೇರಿ ಮಾಡುತ್ತಿದ್ದವರನ್ನು ದಾಟುವಾಗ ಅಜ್ಜಿ ‘ಕೊಲಾಯ್ ಗೆಲ್ಸಿನ್’ ಎಂದಳು: ಹಗುರವಾಗಿ ಬರಲಿ, ನಿನ್ನ ಕೆಲಸ ನಿನಗೆ ಹಗುರವಾಗಲಿ. ಕೆಲಸದಲ್ಲಿರುವ ಯಾರನ್ನೂ ಇಷ್ಟು ಹೇಳದೆ ಅಲ್ಲಿ ದಾಟಿಹೋಗುವುದಿಲ್ಲ. ನಮ್ಮಲ್ಲಿ ‘ಊಟ ಆಯ್ತಾ’ ಎನ್ನುತ್ತೇವೆ. ಅದೂ ಸಣ್ಣದಲ್ಲ, ಆದರೆ ಗುದ್ದಲಿ ಎತ್ತಿದವನ ಕೈಗೆ ಹೇಳುವಂಥ ಮಾತೊಂದು ನಮಗೂ ಇದ್ದಿದ್ದರೆ ಎಂದು ಆಸೆಯಾಯಿತು.

ಐದನೆಯ ದಿನ ಚುಕುರ್‌ಜುಮಾ ಎಂಬ ಹಳೇ ಸಾಮಾನಿನ ಕೇರಿಯಲ್ಲಿ ಕಾದಂಬರಿಕಾರ ಓರ್ಹಾನ್ ಪಾಮುಕ್ ಕಟ್ಟಿದ ಮುಗ್ಧತೆಯ ವಸ್ತುಸಂಗ್ರಹಾಲಯ ನೋಡಿದೆ. 2008ರಲ್ಲಿ ಕಾದಂಬರಿ ಬಂತು, 2012ರಲ್ಲಿ ಅದೇ ಹೆಸರಿನ ಈ ಮನೆ. ಕಾದಂಬರಿಗೆ 83 ಅಧ್ಯಾಯ, ಇಲ್ಲಿ ಅಷ್ಟೇ ಗಾಜಿನ ಗೂಡುಗಳ ಲೆಕ್ಕ. ಕಾದಂಬರಿಯ ನಾಯಕ ಪ್ರೀತಿಸಿದವಳು ಸೇದಿ ಹೊಸಕಿದ 4,213 ಸಿಗರೇಟು ತುಂಡುಗಳನ್ನು ಒಂದೊಂದಾಗಿ ಸೂಜಿ ಚುಚ್ಚಿ, ಪ್ರತಿಯೊಂದರ ಕೆಳಗೂ ಟಿಪ್ಪಣಿ ಬರೆದು ಗೋಡೆ ತುಂಬಿದ್ದಾರೆ. ಉಪ್ಪಿನ ಡಬ್ಬಿ, ಹೇರ್‌ಪಿನ್, ಕೀಲಿಕೈ, ಅರ್ಧ ಕುಡಿದ ಚಹಾ. ಇಲ್ಲದ ಹೆಣ್ಣೊಬ್ಬಳ ಇಲ್ಲದ ದಿನಗಳಿಗೆ ಇಷ್ಟೊಂದು ಸಾಕ್ಷಿ! ನನಗೆ ಅಲ್ಲಿ ಉಸಿರುಕಟ್ಟಿತು, ಮೆಚ್ಚಿದೆ ಎನ್ನಲಾರೆ. ಹಿಡಿದಿಟ್ಟ ಕ್ಷಣಗಳು ಸತ್ತ ಚಿಟ್ಟೆಗಳಾಗಿ ಕಂಡವು. ಹಾಗೆಂದು ಕೈ ಸುಮ್ಮನಿರಲಿಲ್ಲ. ಆ ಸಂಜೆಯೇ ದೋಣಿಯಲ್ಲಿ ಕೊಟ್ಟ ಎರಡು ಸಕ್ಕರೆ ಅಚ್ಚುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಸಾಗರದ ಮನೆಯ ಕಪಾಟಿನಲ್ಲಿ ಅವು ಒಂದು ವಾರ ಇದ್ದವು. ಆಮೇಲೆ ಇರುವೆಗಳು ಬಂದು, ಸಾಲು ಹಿಡಿದು, ಬಾಸ್ಫರಸ್ಸನ್ನು ಚೂರು ಚೂರಾಗಿ ಗೋಡೆಯ ಬಿರುಕಿನೊಳಗೆ ಹೊತ್ತೊಯ್ದವು. ನಾನು ಕೂತು ನೋಡಿದೆ, ತಡೆಯಲಿಲ್ಲ.

ಕೊನೆಯ ಬೆಳಗು ಇನ್ನೂ ಕತ್ತಲಿದ್ದಾಗ ಅಜ್ಜಿ ಕಾಫಿ ಮಾಡಿದಳು, ಮರಳಿನಷ್ಟು ನುಣ್ಣನೆಯ ಪುಡಿ ತಳದಲ್ಲಿ ಕೂರುವ ಕಾಫಿ. ಬಾಬಾಬುಡನ್ ಯೆಮೆನ್ನಿನಿಂದ ಏಳು ಬೀಜ ತಂದು ಬಿತ್ತಿದನೆಂಬ ಗುಡ್ಡ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ ಎಂದು ಹೇಳಲು ಕೈಬಾಯಿ ಆಡಿಸಿದೆ, ಅವಳಿಗೆ ಏನು ತಿಳಿಯಿತೋ, ತಲೆಯಾಡಿಸಿದಳು. ಒಂದು ಬಟ್ಟಲು ಕಾಫಿಗೆ ನಲವತ್ತು ವರ್ಷಗಳ ಋಣ ಎಂದು ಅವರಲ್ಲಿ ಗಾದೆಯಿದೆ. ಲೆಕ್ಕ ಹಾಕಿದರೆ 2059ರವರೆಗೆ. ಅಷ್ಟು ದಿನ ಇಬ್ಬರಲ್ಲಿ ಒಬ್ಬರಾದರೂ ಇರುತ್ತೇವೋ ಇಲ್ಲವೋ.

ಟ್ಯಾಕ್ಸಿ ಬಂತು. ಅವಳು ನನ್ನ ಕೆನ್ನೆ ಮುಟ್ಟಿ ‘ಗ್ಯುಲೆ ಗ್ಯುಲೆ’ ಎಂದಳು, ನಗುನಗುತ್ತ ಹೋಗು ಎಂದು. ಓಣಿಯ ಇಳಿಜಾರಿನಲ್ಲಿ ಗಾಡಿ ಹೊರಟಾಗ ತಿರುಗಿ ನೋಡಿದೆ: ಅವಳು ಮೆಟ್ಟಿಲಿನಿಂದಿಳಿದು, ಕೈಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಜಗ್ಗಿನ ನೀರನ್ನು ನಮ್ಮ ಹಿಂದೆ ಕಲ್ಲುಹಾಸಿನ ಮೇಲೆ ಸೊರ್ರೆಂದು ಸುರಿದಳು. ಬೀದಿದೀಪದ ಬೆಳಕಿನಲ್ಲಿ ನೀರು ಬೆಳ್ಳಗೆ ಹರಿದು ಬಂತು. ನನ್ನೆದೆ ಧಸಕ್ಕೆಂದಿತು. ಹೊರಟವರ ಬೆನ್ನಿಗೇ ಬಾಗಿಲು ಗುಡಿಸಬಾರದು, ನೀರು ಹಾಕಿ ತೊಳೆಯಬಾರದು, ಅದು ಹೆಣ ಎತ್ತಿದ ಮನೆಯ ಕೆಲಸ. ಎಷ್ಟು ಓದಿದರೂ ಇದು ರಕ್ತದಲ್ಲಿದೆ. ನನ್ನ ಹೊಲಸು ತೊಳೆಯುತ್ತಿದ್ದಾಳೆಯೇ? ಏನು ತಪ್ಪು ಮಾಡಿದೆ? ವಿಮಾನ ಹಾರುವಾಗಲೂ, ಇಳಿಯುವಾಗಲೂ, ಮನೆಗೆ ಬಂದ ಮೇಲೂ ಆ ಸೊರ್ರೆಂಬ ಸದ್ದು ಕಿವಿಯಲ್ಲಿತ್ತು. ತಿಂಗಳ ಮೇಲೆ, ಸಭೆಯಲ್ಲಿ ಪರಿಚಯವಾಗಿದ್ದ ಅಲ್ಲಿಯ ಗೆಳತಿಗೆ ಪತ್ರದಲ್ಲಿ ಹೇಗೋ ಕೇಳಿದೆ. ಅವಳು ಬರೆದಳು: ಅದು ನಮ್ಮಲ್ಲಿ ಮನೆಯವರು ದೂರ ಹೊರಟಾಗ ಮಾಡುವುದು. ನೀರಿನ ಹಾಗೆ ತಡೆಯಿಲ್ಲದೆ ಹೋಗು, ನೀರಿನ ಹಾಗೆ ಮರಳಿ ಬಾ.

ಆ ಪತ್ರ ಓದಿ ಎಷ್ಟು ಹೊತ್ತು ಕೂತಿದ್ದೆನೋ. ‘ಹೋಗ್ತೀನಿ’ ಎನ್ನಲು ಬಿಡದೆ ‘ಹೋಗಿ ಬರ್ತೀನಿ’ ಎಂದು ಹೇಳಿಸುವ ನನ್ನ ನಾಡಿನ ಹೆಂಗಸರು ಮಾತಿನಲ್ಲಿ ಮಾಡುವುದನ್ನು ಅವಳು ಒಂದು ಜಗ್ಗಿನಲ್ಲಿ ಮಾಡಿದ್ದಳು.

ಈ ಕಥೆಯನ್ನು ಅಮ್ಮನಿಗೆ ಹೇಳಿದ್ದು ಬಹಳ ತಡವಾಗಿ, ಕಳೆದ ವರ್ಷ ಮಳೆಗಾಲದಲ್ಲಿ. ಅವಳು ಜಗಲಿಯಲ್ಲಿ ಕಾಲು ಚಾಚಿ ಹಲಸಿನ ಬೇಳೆಯ ಸಿಪ್ಪೆ ಸುಲಿಯುತ್ತಿದ್ದಳು. ಗುಬ್ಬಿಯ ಅರಮನೆ ಕೇಳಿ ನಕ್ಕಳು, ಹಿಂದೂಸ್ತಾನದ ಅಕ್ರೋಟಿಗೆ ಇನ್ನೂ ಜಾಸ್ತಿ ನಕ್ಕಳು. ನೀರಿನ ಮಾತಿಗೆ ಬಂದಾಗ ಕೈ ನಿಂತಿತು.

‘ಎಷ್ಟು ನೀರು ಹಾಕಿದಳು?’

‘ಒಂದು ಜಗ್ಗು.’

ಅಮ್ಮ ಸ್ವಲ್ಪ ಹೊತ್ತು ತೋಟದ ಕಡೆ ನೋಡಿದಳು. ‘ನಮ್ಮ ಹಿಂದೆ ಇಡೀ ಹೊಳೆಯನ್ನೇ ಸುರಿದರಲ್ಲ’ ಎಂದಳು.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಕಟ್ಟೆ ಎದ್ದಾಗ ಅವಳಿಗೆ ಹನ್ನೊಂದೋ ಹನ್ನೆರಡೋ. ಗಾಡಿಯಲ್ಲಿ ಪಾತ್ರೆ, ಬೀಜದ ಭತ್ತ, ದೇವರ ಪೆಟ್ಟಿಗೆ, ಕರು. ಅವರು ಹೊರಟ ಮೇಲೆ ನೀರು ನಿಧಾನಕ್ಕೆ ಏರಿ ಬಂದು ಅಂಗಳಕ್ಕೆ, ತುಳಸಿಕಟ್ಟೆಗೆ, ಜಗಲಿಗೆ ಹತ್ತಿತು. ಅದು ಆರಲೂ ಇಲ್ಲ, ಯಾರನ್ನೂ ಮರಳಿ ಕರೆಯಲೂ ಇಲ್ಲ. ಮಳೆ ಕೈಕೊಟ್ಟ ಬೇಸಿಗೆಗಳಲ್ಲಿ ಹಿನ್ನೀರು ಇಳಿದು, ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟು ಕೆಸರು ಮೆತ್ತಿಕೊಂಡು ಮೇಲೇಳುವುದನ್ನು ನೋಡಲು ಜನ ಗುಂಪುಗೂಡಿ ಹೋಗುತ್ತಾರೆ. ಅಮ್ಮ ಒಮ್ಮೆಯೂ ಹೋಗಿಲ್ಲ. ಲಾಂಚಿನಲ್ಲಿ ಅವಳಿಗೆ ತಲೆ ತಿರುಗುತ್ತಿತ್ತಲ್ಲ.

ಬೇಳೆಯೊಂದನ್ನು ಬೆರಳ ನಡುವೆ ತಿರುಗಿಸುತ್ತ, ‘ಆ ಹೆಂಗಸು ಚಲೋ ಮಾಡಿದಳು. ಜಗ್ಗಿನಷ್ಟೇ ಹಾಕಬೇಕು’ ಎಂದಳು. ಆಮೇಲೆ ಸಿಪ್ಪೆ ಸುಲಿಯತೊಡಗಿದಳು.

ನಾನು ಬೆಂಗಳೂರಿಗೆ ಹೊರಟದ್ದು ಮರುದಿನ ನಸುಕಿಗೆ. ಮಳೆ ನಿಂತು, ತೋಟದಲ್ಲಿ ಹನಿ ತೊಟ್ಟಿಕ್ಕುವ ಸದ್ದು ಮಾತ್ರ ಇತ್ತು. ಹೋಗಿ ಬರ್ತೀನಿ ಎಂದೆ, ಹ್ಞೂಂ ಅಂದಳು. ಉಣಗೋಲು ದಾಟಿ, ಮಣ್ಣುದಾರಿಯ ತಿರುವಿನಲ್ಲಿ ಚೀಲ ಈ ಕೈಯಿಂದ ಆ ಕೈಗೆ ಬದಲಿಸಲು ನಿಂತು ತಿರುಗಿ ನೋಡಿದಾಗ, ಅಮ್ಮ ತುಳಸಿಕಟ್ಟೆಯ ಹತ್ತಿರ ಹಿತ್ತಾಳೆ ಚೊಂಬು ಹಿಡಿದು ನಿಂತಿದ್ದಳು. ರಾತ್ರಿಯಿಡೀ ಮಳೆ ಹೊಯ್ದಿದ್ದರಿಂದ ತುಳಸಿಗೆ ನೀರು ಹಾಕುವ ಅಗತ್ಯವಿರಲಿಲ್ಲ. ಅವಳ ಕೈ ಅಲುಗಿದ್ದು ಕಂಡಿತು. ನೀರು ಕಟ್ಟೆಯೊಳಗೆ ಬಿತ್ತೋ, ಹೊರಗೆ ನನ್ನ ದಾರಿಯ ಕಡೆಗೆ ಬಿತ್ತೋ, ಅಷ್ಟು ದೂರದಿಂದ, ಆ ಬೆಳಕಿನಲ್ಲಿ, ತಿಳಿಯಲಿಲ್ಲ.